ಏಳು ಮನೆಗಳ ಒಂದು ಅಂಗಳ

ನಗರದಲ್ಲಿ ಜಾಗವಿಲ್ಲ, ಆದ್ದರಿಂದ ಜನರನ್ನು ಗೋಪುರಗಳಿಗೆ ಏರಿಸಲೇಬೇಕು ಎಂಬ ವಾದ ಈಗ ಗಾದೆಯಂತಾಗಿದೆ. ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1983-86ರಲ್ಲಿ ನವಿ ಮುಂಬಯಿಯ ಬೇಲಾಪುರದಲ್ಲಿ ಸಿಡ್ಕೋ ಸಂಸ್ಥೆಗಾಗಿ ರೂಪಿಸಿದ ‘ಆರ್ಟಿಸ್ಟ್ಸ್ ವಿಲೇಜ್’ ಈ ಗಾದೆಗೆ ಕೊಟ್ಟ ಉತ್ತರವೆಂದು ನಾವು ತಿಳಿಯುತ್ತೇವೆ. ಅಲ್ಲಿ ಲಿಫ್ಟಿಲ್ಲ, ಇಳಿಜಾರು ಹೆಂಚಿನ, ಒಂದೆರಡು ಅಂತಸ್ತಿನ ಮನೆಗಳು. ಆದರೂ ಹೆಕ್ಟೇರಿಗೆ ಸುಮಾರು 500 ಜನರಿಗೆ ನೆಲೆ.

ಇದರ ಗುಟ್ಟು ಜೋಡಣೆಯಲ್ಲಿದೆ. ಏಳು ಮನೆಗಳಿಗೆ ಸುಮಾರು 8 ಮೀಟರ್ ಉದ್ದಗಲದ ಒಂದು ಅಂಗಳ. ಅಂಥ ಮೂರು ಗುಂಪು ಸೇರಿ 21 ಮನೆಗಳು, ಅವುಗಳ ನಡುವೆ ಇನ್ನೂ ದೊಡ್ಡ ಬಯಲು. ಹೊಸ್ತಿಲು ದಾಟಿದ ಮಗು ನೇರ ರಸ್ತೆಗೆ ಬೀಳುವುದಿಲ್ಲ, ಅಂಗಳಕ್ಕೆ ಬರುತ್ತದೆ. ಬೆಳ್ಳುಳ್ಳಿ ಸುಲಿಯುತ್ತ ಕೂತ ಅಜ್ಜಿಯ ಕಣ್ಣೇ ಅಲ್ಲಿ ಕಾವಲು. ನೂರು ಬಾಗಿಲುಗಳ ಕಾರಿಡಾರ್ ಯಾರದೂ ಅಲ್ಲ. ಏಳು ಬಾಗಿಲುಗಳ ಅಂಗಳ ಎಲ್ಲರದು. ಉರ್ದುವಿನ ‘ಆಂಗನ್’ ಆಗಲಿ, ಕನ್ನಡದ ‘ಅಂಗಳ’ವಾಗಲಿ, ಬರೀ ಖಾಲಿ ಜಾಗದ ಹೆಸರಲ್ಲ, ಜಗಳವನ್ನೂ ರಾಜಿಯನ್ನೂ ನೆರೆಯವರ ಎದುರೇ ನಡೆಸುವ ತಾಣ ಅದು.

ಇನ್ನೊಂದು ಮಾತು. ಇಲ್ಲಿನ ನಿವೇಶನಗಳು ಸುಮಾರು 45ರಿಂದ 75 ಚದರ ಮೀಟರ್. ಆದಾಯದಲ್ಲಿ ಅಂತರವಿದ್ದರೂ ನೆಲದಲ್ಲಿ ಅಷ್ಟಿಲ್ಲ. ಪಕ್ಕದ ಮನೆಯೊಂದಿಗೆ ಗೋಡೆ ಹಂಚಿಕೊಳ್ಳದ ಕಾರಣ, ಮಗನ ಮದುವೆಗೆ ಕೋಣೆಯೊಂದನ್ನು ಸೇರಿಸಲು ನೆರೆಯವರ ಅಪ್ಪಣೆ ಬೇಕಿಲ್ಲ.

ಕಾಲಕ್ರಮದಲ್ಲಿ ಅನೇಕ ಮೂಲ ಮನೆಗಳು ಉರುಳಿ, ಆ ಜಾಗದಲ್ಲಿ ಕಾಂಕ್ರೀಟಿನ ಬಹುಮಹಡಿ ಮನೆಗಳೆದ್ದಿವೆ. ಇದನ್ನು ಸೋಲೆನ್ನುವವರಿದ್ದಾರೆ. ನಾವು ಒಪ್ಪುವುದಿಲ್ಲ. ಮನೆ ಕುಟುಂಬದೊಂದಿಗೆ ಬೆಳೆಯಬೇಕೆಂಬುದೇ ಕೊರಿಯಾ ಅವರ ಆಶಯವಾಗಿತ್ತು. ನಮ್ಮ ತಕರಾರು ಬೇರೆ. ಬೆಳೆಯುವ ಹಕ್ಕನ್ನು ವಿನ್ಯಾಸ ಕೊಟ್ಟಿತು. ಆದರೆ ನೆರೆಮನೆಯ ಬಿಸಿಲನ್ನು ಕಸಿಯುವ ಮುನ್ನ ಎಲ್ಲಿ ನಿಲ್ಲಬೇಕೆಂಬುದನ್ನು ನಕ್ಷೆಯೊಂದೇ ಹೇಳಲಾರದು. ಅದಕ್ಕೆ ನೆರೆಯವರು ಕೂತು ಮಾಡಿಕೊಂಡ ಕಟ್ಟುಪಾಡು ಬೇಕು. ಸುತ್ತಲಿನ ನೆಲದ ಬೆಲೆ ಏರಿದಂತೆ ಒಳ್ಳೆಯ ಬಡಾವಣೆಯೇ ದುಬಾರಿಯಾಗುತ್ತದೆ. ಯಾರಿಗಾಗಿ ಕಟ್ಟಿದರೋ ಅವರೇ ಹೊರಬೀಳುವ ಅಪಾಯವಿದೆ. ಇದನ್ನು ತಡೆಯುವುದು ವಾಸ್ತುಶಿಲ್ಪಿಯ ಕೆಲಸವಲ್ಲ, ಸರಕಾರದ್ದು.

ಕೊರಿಯಾ 2015ರಲ್ಲಿ ತೀರಿಕೊಂಡರು. ಮನೆಗಳ ರೂಪ ಬದಲಾದರೂ ಅಂಗಳಗಳು ಉಳಿದಿವೆ. ವಸತಿ ಯೋಜನೆಗಳನ್ನು ಅಳೆಯುವಾಗ ಎಷ್ಟು ಮನೆ ಕಟ್ಟಿದಿರಿ ಎಂದಷ್ಟೇ ಕೇಳಿದರೆ ಸಾಲದು. ಎಷ್ಟು ಮನೆಗೆ ಒಂದು ಅಂಗಳ ಎಂದೂ ಕೇಳಬೇಕು.