ಬಸುರಿಯ ಎಲೆಅಡಿಕೆ ಚೀಲ

ತರೀಕೆರೆ, ಅಜ್ಜಂಪುರದ ತೋಟದ ಊರುಗಳಲ್ಲಿ ಅಡಿಕೆ ಸುಲಿಯುವ ಕಾಲ ಬಂದರೆ ಹೆಂಗಸರು ಸರಿರಾತ್ರಿಯವರೆಗೂ ಮೆಟ್ಟುಗತ್ತಿಯ ಮುಂದೆ ಕೂತಿರುತ್ತಾರೆ. ನಿದ್ದೆ ತಡೆಯಲು, ಹಸಿವು ಮರೆಯಲು ಬಾಯಲ್ಲಿ ಎಲೆಅಡಿಕೆ. ಜೊತೆಗೆ ಚೂರು ಹೊಗೆಸೊಪ್ಪು, ಇಲ್ಲವೇ ಚಿಟಿಕೆ ಕಡ್ಡಿಪುಡಿ. ಹಾಗೆ ಕೂತವರಲ್ಲಿ ಬಸುರಿಯರೂ ಇರುತ್ತಾರೆ. ಕಡೂರಿನ ಬಯಲು ಸೀಮೆಯಲ್ಲಿ ಕೆಲಸ ಬೇರೆ, ಬಾಯಿಗೆ ಬೀಳುವುದು ಅದೇ.

ನಮ್ಮ ಗರ್ಭಿಣಿ ತಪಾಸಣೆಯ ಸಾಧನೆ ಸಣ್ಣದಲ್ಲ. ತಾಯಿ ಕಾರ್ಡ್ ಇದೆ, ಮನೆ ಬಾಗಿಲಿಗೆ ಆಶಾ ಕಾರ್ಯಕರ್ತೆ ಬರುತ್ತಾರೆ, 2016ರಿಂದ ಪ್ರತಿ ತಿಂಗಳ 9ರಂದು ವೈದ್ಯರಿಂದಲೇ ತಪಾಸಣೆ ನಡೆಯುತ್ತದೆ. ತೂಕ, ಬಿ.ಪಿ., ರಕ್ತ, ಮೂತ್ರ ಎಲ್ಲವನ್ನೂ ನೋಡುತ್ತಾರೆ. ಹಿಮೋಗ್ಲೋಬಿನ್ ಕಡಿಮೆಯಿದ್ದರೆ ಕಬ್ಬಿಣದ ಮಾತ್ರೆ ಕೊಡುತ್ತಾರೆ. ಆದರೆ ಆ ಮಾತ್ರೆ ನುಂಗಿದ ಬಾಯಿಗೇ ದಿನಕ್ಕೆ ಎಷ್ಟು ಸಲ ಹೊಗೆಸೊಪ್ಪು ಹೋಗುತ್ತದೆ ಎಂಬುದು ಲೆಕ್ಕಕ್ಕೆ ಬರುವುದು ಅಪರೂಪ. ಈ ವ್ಯವಸ್ಥೆಯ ದೊಡ್ಡ ಕೊರತೆ ಇದೇ ಎಂದು ನನಗನ್ನಿಸುತ್ತದೆ.

ಹೊಗೆಸೊಪ್ಪಿನ ನಿಕೋಟಿನ್ ರಕ್ತನಾಳಗಳನ್ನು ಬಿಗಿಸುತ್ತದೆ. ಮಾಸಿಗೆ ಹರಿಯುವ ರಕ್ತ ತಗ್ಗುತ್ತದೆ. ಮುಂಬೈಯಲ್ಲಿ 1,217 ಗರ್ಭಿಣಿಯರನ್ನು ಹೆರಿಗೆಯವರೆಗೂ ಗಮನಿಸಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಹೊಗೆರಹಿತ ತಂಬಾಕು ಬಳಸುವ ತಾಯಂದಿರ ಮಕ್ಕಳು ಸರಾಸರಿ 105 ಗ್ರಾಂ ಕಡಿಮೆ ತೂಗಿದವು. ದಿನ ತುಂಬುವ ಮೊದಲೇ ಆದ ಹೆರಿಗೆಗಳೂ ಹೆಚ್ಚಿದ್ದವು. 2,500 ಗ್ರಾಂ ಗಡಿಯ ಆಸುಪಾಸಿನಲ್ಲಿ ಹುಟ್ಟುವ ಕೂಸಿಗೆ ಇದು ಸಣ್ಣ ನಷ್ಟವಲ್ಲ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದ ಹೆಂಗಸರಲ್ಲಿ ಧೂಮಪಾನ ಮಾಡುವವರು ಶೇ 2, ಹೊಗೆರಹಿತ ತಂಬಾಕು ಬಳಸುವವರು ಶೇ 12.8. ಹೀಗಿದ್ದೂ ತಂಬಾಕು ಎಂದೊಡನೆ ನಮ್ಮ ಕಣ್ಣಿಗೆ ಬರುವುದು ಬೀಡಿ ಸೇದುವ ಗಂಡಸು.

ಕೇಳುವ ರೀತಿಯಲ್ಲೂ ತೊಡಕಿದೆ. ಅತ್ತೆ ಪಕ್ಕದಲ್ಲಿರುವಾಗ, ಸಾಲಿನಲ್ಲಿ ಇನ್ನಷ್ಟು ಜನ ಕಾಯುತ್ತಿರುವಾಗ "ಏನಾದ್ರೂ ಚಟ ಇದೆಯೇನಮ್ಮಾ?" ಎಂದರೆ ಯಾವ ಹೆಣ್ಣುಮಗಳು ಹೌದೆಂದಾಳು? ಪಕ್ಕಕ್ಕೆ ಕರೆದು, "ಊಟ ಆದ್ಮೇಲೆ ಎಲೆಅಡಿಕೆ ಹಾಕ್ತೀಯಾ? ಹೊಗೆಸೊಪ್ಪು ಸೇರಿಸ್ತೀಯಾ? ದಿನಕ್ಕೆ ಎಷ್ಟು ಸಲ?" ಎಂದರೆ ಉತ್ತರ ಬರುತ್ತದೆ. ಮದ್ಯ, ಮಾದಕ ವಸ್ತುಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2014ರಲ್ಲಿ ಹೇಳಿದ್ದು ಇದನ್ನೇ: ಪ್ರತಿ ಗರ್ಭಿಣಿಯನ್ನೂ, ಪ್ರತಿ ತಪಾಸಣೆಯಲ್ಲೂ ಗೌರವದಿಂದ ಕೇಳಬೇಕು. ತಂಬಾಕಿಗೂ ಅದರ ಹಿಂದಿನ ವರ್ಷ ಇಂಥದೇ ಸಲಹೆ ಕೊಟ್ಟಿತ್ತು. ಎಲ್ಲರನ್ನೂ ಕೇಳಿದರೆ ಯಾರೊಬ್ಬಳೂ ಗುರಿಯಾಗುವುದಿಲ್ಲ. ಇಂಥ ಕೇರಿ, ಇಂಥ ಜಾತಿಯವರು ಎಂಬ ಊಹೆಗೂ ಅಲ್ಲಿ ಜಾಗವಿಲ್ಲ.

ಕುಡಿತದ ಮಾತು ಇನ್ನೂ ಸೂಕ್ಷ್ಮ. ದಿನವೂ ಕುಡಿಯುವ ಬಸುರಿಗೆ "ಇವತ್ತೇ ಬಿಡು" ಎಂದು ಗದರಿ ಕಳಿಸುವುದು ಅಪಾಯ. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಆಸ್ಪತ್ರೆಯಲ್ಲಿಟ್ಟುಕೊಂಡೇ ಬಿಡಿಸಬೇಕು. ಮಗುವನ್ನು ಕಿತ್ತುಕೊಂಡಾರೆಂಬ ಭಯದಿಂದ ಬಾಯಿ ಮುಚ್ಚಿಕೊಳ್ಳುವವರಿಗೆ ತಿಳಿಸಬೇಕಾದ ಸಂಗತಿಯೊಂದಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಮದ್ಯ, ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಗಳನ್ನೂ ಒಳಗೊಂಡಿದೆ. ಚಿಕಿತ್ಸೆಗೆ ದಾಖಲಾದ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರ್ಪಡಿಸಬಾರದು ಎನ್ನುತ್ತದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವಿಗೆಂದೇ ವಾರ್ಡ್ ಇದೆ. ಕೂಲಿ ಬಿಟ್ಟು ತರೀಕೆರೆಯಿಂದ ಅಲ್ಲಿಗೆ ಹೋಗಿ ಬರುವುದು ಎಷ್ಟು ಬಸುರಿಯರ ಕೈಲಾದೀತು? ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನಾದರೂ ತಾಯಿ ಕಾರ್ಡಿನ ಮೇಲೆ ಬರೆದುಕೊಡಬಹುದು.

ಅಡಿಕೆಯಿಂದಲೇ ಮನೆ ಕಟ್ಟಿ, ಮಕ್ಕಳನ್ನು ಓದಿಸಿದ ಸೀಮೆ ಇದು. ಸೀಮಂತಕ್ಕೆ ತಾಂಬೂಲ, ಬಾಣಂತಿಗೆ ಊಟದ ಮೇಲೆ ಎಲೆಅಡಿಕೆ. ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಹೇಳಿ ವರ್ಷಗಳಾದರೂ ಇಲ್ಲಿ ಆ ಮಾತೆತ್ತುವುದು ಕಷ್ಟ. ಹಾಗಾಗಿ ಮೊದಲು ಹೊಗೆಸೊಪ್ಪನ್ನಾದರೂ ಬಿಡಿಸೋಣ. ಅತ್ತೆಯ ಚೀಲದಿಂದಲೇ ಸೊಸೆಗೆ ಕಡ್ಡಿಪುಡಿ ಸಿಗುವ ಮನೆಯಲ್ಲಿ ಸೊಸೆಯೊಬ್ಬಳಿಗೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಆಶಾ ಕಾರ್ಯಕರ್ತೆ ಅತ್ತೆಯ ಜೊತೆಗೂ ಕೂತು ಮಾತಾಡಬೇಕು. ಅಷ್ಟು ಹೊತ್ತು ಕೂರಲು ಅವರಿಗೆ ಬಿಡುವನ್ನೂ ಅದಕ್ಕೆ ತಕ್ಕ ಸಂಭಾವನೆಯನ್ನೂ ಇಲಾಖೆ ಕೊಡಬೇಕು.