ನಿದ್ದೆಗೊಂದು ಪ್ರಶ್ನೆ, ಜೊಂಪಿಗೊಂದು

ಮಿದುಳಿನ ಗೆಡ್ಡೆಗೆ ಚಿಕಿತ್ಸೆ ಪಡೆಯುತ್ತಿರುವವರ ಬದುಕು ಹೇಗೆ ಸಾಗಿದೆ ಎಂದು ತಿಳಿಯಲು ವೈದ್ಯರು ಬಹಳವಾಗಿ ನೆಚ್ಚಿರುವುದು ಎರಡು ಪ್ರಶ್ನಾವಳಿಗಳನ್ನು. ಯುರೋಪಿನ ಇಒಆರ್‌ಟಿಸಿ ಸಂಸ್ಥೆ 1993ರಲ್ಲಿ ಪ್ರಕಟಿಸಿದ ಕ್ಯೂಎಲ್‌ಕ್ಯೂ-ಸಿ30 ಎಲ್ಲ ಕ್ಯಾನ್ಸರ್‌ಗಳಿಗೂ ಸಾಮಾನ್ಯವಾದದ್ದು. ಅದರೊಂದಿಗೆ ಕೊಡುವ ಬಿಎನ್20 ಮಿದುಳಿಗೇ ಮೀಸಲು. ಎರಡೂ ಸೇರಿ 50 ಪ್ರಶ್ನೆ. ಅದರಲ್ಲಿ ರಾತ್ರಿಯ ನಿದ್ದೆಯ ಪಾಲಿಗೆ ಒಂದು, ಹಗಲಿನ ಜೊಂಪಿಗೆ ಇನ್ನೊಂದು. ಕಳೆದ ಒಂದು ವಾರವನ್ನು ನೆನೆದು, 1ರಿಂದ 4ರವರೆಗಿನ ಒಂದು ಅಂಕಿಗೆ ಸುತ್ತು ಹಾಕಿದರೆ ಮುಗಿಯಿತು.

ಈ ಫಾರಂಗೆ ಸಲ್ಲಬೇಕಾದ ಗೌರವ ದೊಡ್ಡದು. 2005ರಲ್ಲಿ ಪ್ರಕಟವಾದ, ಗ್ಲಿಯೊಬ್ಲಾಸ್ಟೊಮಾ ಎಂಬ ಮಿದುಳಿನ ಗೆಡ್ಡೆಯಿದ್ದ ರೋಗಿಗಳ ಪ್ರಯೋಗದಲ್ಲಿ 573 ಮಂದಿ ಇದ್ದರು. ವಿಕಿರಣದ ಜೊತೆ ಟೆಮೊಜೊಲೊಮೈಡ್ ಎಂಬ ಔಷಧಿ ಕೊಟ್ಟಾಗ ಬದುಕುಳಿದ ಕಾಲದ ಮಧ್ಯಾಂಕ ಸುಮಾರು 12.1 ತಿಂಗಳಿಂದ 14.6ಕ್ಕೆ ಏರಿತು. ಹೆಚ್ಚಿಗೆ ಸಿಕ್ಕ ಎರಡೂವರೆ ತಿಂಗಳು ಬದುಕಲು ಯೋಗ್ಯವಾಗಿದ್ದವೇ? ಅದನ್ನು ರೋಗಿಗಳ ಬಾಯಿಂದಲೇ ಕೇಳಿದ್ದು ಇದೇ ಪ್ರಶ್ನೆಗಳು. ವಿಶೇಷವಾಗಿ ಗಮನಿಸಬೇಕೆಂದು ಮೊದಲೇ ಆರಿಸಿಕೊಂಡ ಏಳು ಸಂಗತಿಗಳಲ್ಲಿ ನಿದ್ರಾಹೀನತೆಯೂ ಒಂದು. ಔಷಧಿಯಿಂದ ಬದುಕಿನ ಗುಣಮಟ್ಟಕ್ಕೆ ಬಹುಕಾಲ ಉಳಿಯುವ ಪೆಟ್ಟು ಬೀಳಲಿಲ್ಲ ಎಂಬ ಉತ್ತರ ಬಂತು. ನಿದ್ದೆಯನ್ನು ಆ ಏಳರಲ್ಲಿ ಸೇರಿಸಿದವರ ವಿವೇಕವನ್ನು ಮನಸಾರೆ ಮೆಚ್ಚುತ್ತೇನೆ.

ನನ್ನ ತಕರಾರು ಇರುವುದು ಸುತ್ತು ಹಾಕಿದ ಆ ಅಂಕಿಯನ್ನು ಮುಂದೆ ಏನು ಮಾಡುತ್ತೇವೆ ಎಂಬುದರ ಬಗ್ಗೆ. ನಾಲ್ವರು ರೋಗಿಗಳು ನಿದ್ದೆಯ ಪ್ರಶ್ನೆಯಲ್ಲಿ 3ಕ್ಕೆ ಸುತ್ತು ಹಾಕಿದ್ದಾರೆ ಎನ್ನಿ. ಒಬ್ಬರದು ಡೆಕ್ಸಾಮೆಥಾಸೋನ್ ಮಾತ್ರೆ. ಗೆಡ್ಡೆಯ ಸುತ್ತಲಿನ ಬಾವು ಇಳಿಸಲು 1960ರ ದಶಕದ ಆರಂಭದಿಂದಲೂ ಬಳಕೆಯಲ್ಲಿರುವ ಈ ಸ್ಟೀರಾಯ್ಡ್, ಕೈ ಎತ್ತಲಾಗದವರನ್ನು ಎರಡು ದಿನದಲ್ಲಿ ಎಬ್ಬಿಸಿ ಕೂರಿಸಬಲ್ಲದು. ರಾತ್ರಿ ಎರಡು ಗಂಟೆಗೂ ಹಾಗೆಯೇ ಎಬ್ಬಿಸಿ ಕೂರಿಸುತ್ತದೆ. ಸಂಜೆಯ ಡೋಸನ್ನು ವೈದ್ಯರು ಮಧ್ಯಾಹ್ನಕ್ಕೆ ತಂದುಕೊಟ್ಟರೆ ಎಷ್ಟೋ ಜನರಿಗೆ ಸಮಾಧಾನ. ಎರಡನೆಯವರಿಗೆ ಅದೇ ಮಾತ್ರೆಯಿಂದ ಸಕ್ಕರೆ ಏರಿದೆ, ಮೂತ್ರಕ್ಕೆಂದು ನಾಲ್ಕು ಸಲ ಏಳುತ್ತಾರೆ. ಮೂರನೆಯವರಿಗೆ ಮಲಗಿದೊಡನೆ ತಲೆಬುರುಡೆಯೊಳಗಿನ ಒತ್ತಡ ಹೆಚ್ಚಿ ತಲೆ ಸಿಡಿಯುತ್ತದೆ. ನಾಲ್ಕನೆಯವರಿಗೆ ನಾಳೆ ಎಂಆರ್‌ಐ ಇದೆ, ಅಷ್ಟೆ. ನಾಲ್ಕು ರಾತ್ರಿಗಳಿಗೆ ನಾಲ್ಕು ಮದ್ದು ಬೇಕು, ಫಾರಂನಲ್ಲಿ ಮಾತ್ರ ಒಂದೇ 3.

ಜೊಂಪಿನ ಕತೆಯೂ ಹಾಗೆಯೇ. ಫಿಟ್ಸ್ ತಡೆಯುವ ಲೆವೆಟಿರಾಸೆಟಾಮ್ ತೂಕಡಿಕೆ ತರುತ್ತದೆ. ಕ್ರೇನಿಯೊಫ್ಯಾರಿಂಜಿಯೋಮಾದಂಥ ಗೆಡ್ಡೆ ಹೈಪೊಥಲಾಮಸ್ಸನ್ನು ಒತ್ತಿ ದೇಹದ ಗಡಿಯಾರವನ್ನೇ ಕೆಡಿಸಬಹುದು. ತಲೆಗೆ ವಿಕಿರಣ ಮುಗಿದು ಕೆಲವು ವಾರವಾದ ಮೇಲೆ ಕೆಲವರಿಗೆ ದಿನವಿಡೀ ಮಂಪರು ಕವಿಯುವುದುಂಟು. ಅದು ಸಾಮಾನ್ಯವಾಗಿ ತಾನಾಗಿಯೇ ತಿಳಿಯಾಗುತ್ತದೆ. ಆದರೆ ಅದು ಕವಿಯುವ ಹೊತ್ತಿಗೆ ದಿನವೂ ಆಸ್ಪತ್ರೆಗೆ ಹೋಗುವುದು ನಿಂತಿರುತ್ತದೆ. ಮನೆಯವರು ಗೆಡ್ಡೆ ಮತ್ತೆ ಬೆಳೆಯಿತೆಂದು ನಡುಗುತ್ತಾರೆ. ಮುಂಚೆಯೇ ಒಂದು ಮಾತು ಹೇಳಿದ್ದರೆ ಆ ವಾರಗಳ ದಿಗಿಲು ಎಷ್ಟೋ ಕಡಿಮೆಯಾಗುತ್ತಿತ್ತು. ಕನ್ನಡದಲ್ಲಿ ಜೊಂಪು, ಮಂಪರು, ತೂಕಡಿಕೆ, ಕೋಳಿನಿದ್ದೆ ಬೇರೆಬೇರೆ. ನಮ್ಮ ರೋಗಿಗಳು ಈ ವ್ಯತ್ಯಾಸಗಳನ್ನು ಬಲ್ಲರು, ಹೇಳಿಯೂ ಹೇಳುತ್ತಾರೆ.

ಹಾಗೆಂದು ಪ್ರಶ್ನೆಗಳನ್ನು ಹೆಚ್ಚಿಸಿ ಎನ್ನಲಾರೆ. 1989ರ ಪಿಟ್ಸ್‌ಬರ್ಗ್ ನಿದ್ದೆ ಸೂಚ್ಯಂಕ 19 ಪ್ರಶ್ನೆಗಳಲ್ಲಿ ನಿದ್ದೆ ಹತ್ತಲು ಹಿಡಿದ ಹೊತ್ತು, ಎಚ್ಚರವಾದ ಕಾರಣ ಎಲ್ಲವನ್ನೂ ಬಿಡಿಸಿ ಕೇಳುತ್ತದೆ. ಆದರೆ ನೆನಪೇ ಸೋರುತ್ತಿರುವವರು ಒಂದು ತಿಂಗಳ ರಾತ್ರಿಗಳ ಲೆಕ್ಕ ಎಲ್ಲಿಂದ ಕೊಡಬೇಕು? ಇಒಆರ್‌ಟಿಸಿ ಫಾರಂ ಹುಟ್ಟಿದ್ದು ಪ್ರಯೋಗಗಳಲ್ಲಿ ಗುಂಪುಗಳನ್ನು ಹೋಲಿಸಲು. ಅದನ್ನೇ ಒಬ್ಬ ರೋಗಿಯ ಮುಂದಿಟ್ಟಾಗ 3 ಎಂಬ ಅಂಕಿ ಮಾತು ಶುರುವಾಗಬೇಕಾದ ಜಾಗ. ಮಾತ್ರೆ ಎಷ್ಟು ಗಂಟೆಗೆ ತಗೊಳ್ತೀರಿ, ಯಾಕೆ ಎಚ್ಚರ ಆಗುತ್ತೆ ಎಂದು ಕೇಳಲು ಎರಡು ನಿಮಿಷ ಸಾಕು. ಪಕ್ಕದಲ್ಲಿ ಕೂತ ಹೆಂಡತಿಯನ್ನೂ ಕೇಳಬೇಕು, ಏಕೆಂದರೆ ಫಿಟ್ಸ್ ಬಂದೀತೆಂದು ರಾತ್ರಿಯೆಲ್ಲ ಕಾಯುವವಳು ಅವಳು. ಅವಳ ನಿದ್ದೆಗೆ ಈ 50ರಲ್ಲಿ ಜಾಗವಿಲ್ಲ.

ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವುದು ತುಂಬದೆ ಉಳಿದ ಫಾರಂಗಳು. ಇಂಥ ಅಧ್ಯಯನಗಳಲ್ಲಿ ತಿಂಗಳು ಉರುಳಿದಂತೆ ಉತ್ತರಿಸುವವರು ಕಡಿಮೆಯಾಗುತ್ತಾರೆ. ಮಂಪರು ಗಾಢವಾದವರಿಗೆ ಪೆನ್ನು ಹಿಡಿಯಲಾಗುವುದಿಲ್ಲ, ಆಮೇಲಿನ ಲೆಕ್ಕದಲ್ಲಿ ಉಳಿಯುವುದು ಎಚ್ಚರವಿದ್ದವರ ಉತ್ತರಗಳು ಮಾತ್ರ.