ಮೆಚ್ಚಿನ ಹಾಡು: ಕೇಳುಗರ ಆಯ್ಕೆ ಮತ್ತು ಮೌಖಿಕ ವಿಮರ್ಶೆ

ಕನ್ನಡ ಜಾನಪದ ಅಧ್ಯಯನವು ಹಾಡುವವರಿಗೆ ಕೊಟ್ಟಷ್ಟು ಗಮನವನ್ನು ಕೇಳುವವರಿಗೆ ಕೊಟ್ಟಿಲ್ಲ. ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಸಂಕಲನವನ್ನು ಹೊರತಂದಂದಿನಿಂದ ನಡೆದುಬಂದಿರುವ ಸಂಗ್ರಹಕಾರ್ಯದಲ್ಲಿ ಪಠ್ಯಕ್ಕೆ ಮೊದಲ ಮಣೆ. ಹಾಡಿದವರ ಹೆಸರು, ಊರು, ವಯಸ್ಸುಗಳಿಗೆ ಆನಂತರದ ಸ್ಥಾನ. ಕೇಳಿದವರು ಯಾವ ಹಾಡನ್ನು ಮತ್ತೊಮ್ಮೆ ಹಾಡಿಸಿದರು, ಯಾವುದಕ್ಕೆ ಎದ್ದುಹೋದರು, ಏಕೆ ಎಂಬ ವಿವರಗಳು ಬಹುಪಾಲು ಸಂಕಲನಗಳಲ್ಲಿ ದೊರೆಯುವುದಿಲ್ಲ. ಚಿತ್ರಗೀತೆ, ಭಾವಗೀತೆ, ಕ್ಯಾಸೆಟ್ ಹಾಡುಗಳ ವಿಷಯದಲ್ಲಿ ಈ ಕೊರತೆ ಇನ್ನೂ ದೊಡ್ಡದು. ಅವುಗಳನ್ನು ಉದ್ಯಮದ ಸರಕೆಂದು ಹೊರಗಿಟ್ಟಾಗ, ಅವುಗಳ ಸುತ್ತ ಜನರು ಕಟ್ಟಿಕೊಂಡ ಆಯ್ಕೆ, ವಾದ ಮತ್ತು ಹಂಚಿಕೆಯ ರೂಢಿಗಳೂ ಹೊರಗುಳಿದವು. ಮೆಚ್ಚಿನ ಹಾಡನ್ನು ಇತರರೊಡನೆ ಹಂಚಿಕೊಳ್ಳುವುದು, ಅದರ ಬಗೆಗೆ ಅಭಿಪ್ರಾಯ ಹೇಳುವುದು ಸ್ವತಃ ಜಾನಪದ ಕ್ರಿಯೆ ಎಂಬ ನಿಲುವನ್ನು ಇಲ್ಲಿ ಪರಿಶೀಲಿಸಲಾಗಿದೆ.

1

ಈ ನಿಲುವಿಗೆ ಶಾಸ್ತ್ರದೊಳಗೆಯೇ ಆಧಾರಗಳಿವೆ. ಸ್ವೀಡನ್ನಿನ ವಿದ್ವಾಂಸ ಸಿ.ಡಬ್ಲ್ಯು. ಫಾನ್ ಸಿಡೋ ಅವರು ಪರಂಪರೆಯ ವಾಹಕರನ್ನು ಸಕ್ರಿಯರು, ನಿಷ್ಕ್ರಿಯರು ಎಂದು ವಿಂಗಡಿಸಿದರು. ಕಥೆ ಹೇಳುವವರು, ಹಾಡುವವರು ಸಕ್ರಿಯರು. ಕೇಳಿ ನೆನಪಿನಲ್ಲಿಟ್ಟುಕೊಂಡವರು ನಿಷ್ಕ್ರಿಯರು. ಅಲನ್ ಡಂಡಿಸ್ 1966ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ ಮೌಖಿಕ ಸಾಹಿತ್ಯ ವಿಮರ್ಶೆಯ ಪರಿಕಲ್ಪನೆಯನ್ನು ಮಂಡಿಸಿದರು. ಪಠ್ಯವನ್ನು ಸಂಗ್ರಹಿಸಿದರೆ ಸಾಲದು, ಅದನ್ನು ಬಳಸುವ ಜನರು ಅದಕ್ಕೆ ಕೊಡುವ ಅರ್ಥವನ್ನೂ ಕ್ಷೇತ್ರದಲ್ಲಿಯೇ ಸಂಗ್ರಹಿಸಬೇಕು ಎಂಬುದು ಅವರ ವಾದದ ತಿರುಳು. ಪ್ರದರ್ಶನವೆಂಬುದು ಶ್ರೋತೃಗಳ ಮೌಲ್ಯಮಾಪನಕ್ಕೆ ಒಳಪಡುವ ಹೊಣೆಗಾರಿಕೆ ಎಂದು ರಿಚರ್ಡ್ ಬೌಮನ್ 1970ರ ದಶಕದಲ್ಲಿ ವಿವರಿಸಿದರು. ಈ ಮೂರನ್ನೂ ಒಟ್ಟಿಗೆ ಇರಿಸಿ ನೋಡಿದರೆ ಕೇಳುಗರನ್ನು ನಿಷ್ಕ್ರಿಯರೆನ್ನುವುದು ಕಷ್ಟವಾಗುತ್ತದೆ.

ಕನ್ನಡದ ಪರಂಪರೆಯೂ ಇದನ್ನು ಸಮರ್ಥಿಸುತ್ತದೆ. ಉತ್ತರ ಕರ್ನಾಟಕದ ಹರದೇಶಿ-ನಾಗೇಶಿ ಹಾಡಿಕೆಯಲ್ಲಿ ಒಂದು ಮೇಳ ಗಂಡು ಹೆಚ್ಚೆಂದು, ಇನ್ನೊಂದು ಹೆಣ್ಣು ಹೆಚ್ಚೆಂದು ಸವಾಲು-ಜವಾಬು ನಡೆಸುತ್ತವೆ. ನೆರೆದವರು ಪಕ್ಷ ವಹಿಸದೆ ಆ ಹಾಡಿಕೆಗೆ ಕಳೆಯೇರುವುದಿಲ್ಲ. ಯಾವ ಜವಾಬು ಗಟ್ಟಿ, ಯಾವುದು ಪೊಳ್ಳು ಎಂಬ ತೀರ್ಮಾನ ಕಟ್ಟೆಯ ಮೇಲೆ, ದಾರಿಯ ಮೇಲೆ ಮುಂದುವರಿಯುತ್ತದೆ. ಹಾಡಿನ ಬಗೆಗೆ ಅಭಿಪ್ರಾಯ ಹೇಳುವ ಈ ಹಕ್ಕನ್ನು ಜನರು ಹೊಸ ಮಾಧ್ಯಮಗಳು ಬಂದಾಗಲೂ ಬಿಟ್ಟುಕೊಡಲಿಲ್ಲ.

2

ಇದಕ್ಕೆ ಬಾನುಲಿಯ ಚರಿತ್ರೆ ಉತ್ತಮ ನಿದರ್ಶನ. 1952ರಲ್ಲಿ ಬಿ.ವಿ. ಕೇಸ್ಕರ್ ಅವರು ವಾರ್ತಾ ಮತ್ತು ಪ್ರಸಾರ ಸಚಿವರಾದ ಬಳಿಕ ಆಕಾಶವಾಣಿಯಲ್ಲಿ ಚಿತ್ರಗೀತೆಗಳ ಪ್ರಸಾರ ತೀವ್ರವಾಗಿ ಕುಗ್ಗಿತು. ಶಾಸ್ತ್ರೀಯ ಸಂಗೀತದಿಂದ ಜನರ ಅಭಿರುಚಿಯನ್ನು ತಿದ್ದಬೇಕೆಂಬುದು ಆ ನೀತಿಯ ಹಿಂದಿದ್ದ ನಂಬಿಕೆ. ಕೇಳುಗರು ವಾದಕ್ಕೆ ನಿಲ್ಲಲಿಲ್ಲ. ರೇಡಿಯೋದ ಮುಳ್ಳನ್ನು ಸಿಲೋನಿನತ್ತ ತಿರುಗಿಸಿದರು. ಅದೇ ವರ್ಷ ರೇಡಿಯೋ ಸಿಲೋನಿನಲ್ಲಿ ಆರಂಭವಾದ ‘ಬಿನಾಕಾ ಗೀತಮಾಲಾ’ ಅಮೀನ್ ಸಯಾನಿ ಅವರ ನಿರೂಪಣೆಯಲ್ಲಿ ದಶಕಗಳ ಕಾಲ ನಡೆಯಿತು. ಹಾಡುಗಳ ಸ್ಥಾನವನ್ನು ನಿರ್ಧರಿಸುವಲ್ಲಿ ಧ್ವನಿಮುದ್ರಿಕೆಗಳ ಮಾರಾಟದ ಜೊತೆಗೆ ಶ್ರೋತೃ ಸಂಘಗಳ ಅಭಿಪ್ರಾಯಕ್ಕೂ ಬೆಲೆಯಿತ್ತು. 1957ರ ಅಕ್ಟೋಬರ್ 3ರಂದು ವಿವಿಧ ಭಾರತಿ ಆರಂಭವಾದುದನ್ನು, ಪ್ರಭುತ್ವವು ಕೇಳುಗರ ಆಯ್ಕೆಗೆ ಮಣಿದ ಸಂದರ್ಭವೆಂದು ಓದಬಹುದು.

ಇಂದಿನ ಜಾರ್ಖಂಡದಲ್ಲಿರುವ, ಅಭ್ರಕದ ಗಣಿಗಳಿಗೆ ಹೆಸರಾಗಿದ್ದ ಝುಮ್ರಿ ತಲೈಯಾ ಎಂಬ ಪಟ್ಟಣ ದೇಶಕ್ಕೆಲ್ಲ ಪರಿಚಿತವಾದುದು ಅಲ್ಲಿಂದ ಬರುತ್ತಿದ್ದ ಕೋರಿಕೆಯ ಪತ್ರಗಳ ಮೂಲಕ. ಕರ್ನಾಟಕದ ಆಕಾಶವಾಣಿ ನಿಲಯಗಳ ಕೋರಿಕೆ ಕಾರ್ಯಕ್ರಮಗಳಿಗೂ ಹಳ್ಳಿಹಳ್ಳಿಗಳಿಂದ ಅಂಚೆ ಕಾರ್ಡುಗಳು ಬರುತ್ತಿದ್ದವು. ಈ ಕಾರ್ಡಿನ ರಚನೆ ಗಮನಾರ್ಹವಾದುದು. ನಿಲಯಕ್ಕೆ ವಂದನೆ, ಚಿತ್ರದ ಹೆಸರು, ಹಾಡಿನ ಮೊದಲ ನುಡಿ. ಬಳಿಕ ಮನೆಯವರ, ಗೆಳೆಯರ, ನೆರೆಹೊರೆಯವರ ಹೆಸರುಗಳ ಸಾಲು. ಕೊನೆಗೆ ಊರು, ತಾಲ್ಲೂಕು. ಹಾಡಿಗೆ ಒಂದು ಸಾಲು, ಹೆಸರುಗಳಿಗೆ ಹತ್ತು ಸಾಲು. ಇಲ್ಲಿ ಹಾಡು ಒಬ್ಬರ ಖಾಸಗಿ ಇಷ್ಟವಾಗಿ ಉಳಿಯುವುದಿಲ್ಲ. ಒಂದು ಬಳಗದ ಗುರುತಾಗುತ್ತದೆ. ಉದ್ಘೋಷಕರು ಹೆಸರುಗಳನ್ನು ಓದುವ ಆ ಗಳಿಗೆಯಲ್ಲಿ ನಕಾಶೆಯಲ್ಲಿಯೂ ಹುಡುಕಬೇಕಾದ ಊರೊಂದು ನಾಡಿಗೆ ಕೇಳಿಸುತ್ತದೆ. ಹಾಡು ಬರುವ ಮುನ್ನವೇ ಕಾರ್ಡಿನ ಉದ್ದೇಶ ಅರ್ಧ ನೆರವೇರಿರುತ್ತದೆ.

3

ಎರಡನೆಯ ಆಕರ ಕೈಬರಹದ ಹಾಡಿನ ಪುಸ್ತಕ. ಚಿತ್ರಮಂದಿರಗಳಲ್ಲಿ, ಟೆಂಟುಗಳಲ್ಲಿ ಮಾರುತ್ತಿದ್ದ ಪದ್ಯಗಳ ಪುಸ್ತಕವು ಕಥಾಸಾರವನ್ನು ಅರ್ಧಕ್ಕೆ ನಿಲ್ಲಿಸಿ, ಉಳಿದುದನ್ನು ತೆರೆಯ ಮೇಲೆ ನೋಡಲು ಹೇಳುತ್ತಿತ್ತು. ಕೈಬರಹದ ಪುಸ್ತಕವು ಕಥೆಯನ್ನು ಬಿಟ್ಟು ಹಾಡನ್ನು ಮಾತ್ರ ಇಟ್ಟುಕೊಂಡಿತು. ಭಕ್ತಿಗೀತೆಯ ಪಕ್ಕ ಪ್ರಣಯಗೀತೆ, ಸೋಬಾನೆಯ ಪಕ್ಕ ಶಾಲೆಯ ಪ್ರಾರ್ಥನೆ ಅಲ್ಲಿ ಕೂಡಬಲ್ಲವು. ಶಾಸ್ತ್ರೀಯ, ಜನಪದ, ಜನಪ್ರಿಯ ಎಂಬ ವಿದ್ವಾಂಸರ ವಿಂಗಡಣೆ ಈ ಪುಟಗಳಲ್ಲಿ ನಿಲ್ಲುವುದಿಲ್ಲ. ರೇಡಿಯೋ ಕೇಳುತ್ತ ಬರೆದುಕೊಂಡ ಸಾಲುಗಳಲ್ಲಿ ಪದಗಳು ಬದಲಾಗುವುದೂ ಉಂಟು. ತಿದ್ದುವವರಿಗೆ ಅದು ತಪ್ಪು. ಜಾನಪದ ಅಧ್ಯಯನಕ್ಕೆ ಅದು ಪಾಠಾಂತರ.

1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳ ‘ನಿತ್ಯೋತ್ಸವ’ ಹೊರಬಂದ ಬಳಿಕ ಕನ್ನಡದ ಕ್ಯಾಸೆಟ್ ಮನೆಮನೆಯನ್ನು ಮುಟ್ಟತೊಡಗಿತು. ಕ್ಯಾಸೆಟ್ ಅಂಗಡಿಗೆ ಚೀಟಿ ಕೊಟ್ಟು ಮೆಚ್ಚಿನ ಹಾಡುಗಳನ್ನು ತುಂಬಿಸಿಕೊಳ್ಳುವ ರೂಢಿಯೂ ಬೆಳೆಯಿತು. 60 ನಿಮಿಷದ ಕ್ಯಾಸೆಟ್ಟಿನ ಒಂದು ಮಗ್ಗುಲಿಗೆ ಅರ್ಧ ಗಂಟೆ. ಆರೇಳು ಹಾಡು ಹಿಡಿದರೆ ಹೆಚ್ಚು. ಯಾವುದನ್ನು ಬಿಡಬೇಕು ಎಂಬ ಪ್ರಶ್ನೆಯಲ್ಲಿಯೇ ವಿಮರ್ಶೆಯಿದೆ. ಆ ಚೀಟಿ ಅದರ ಲಿಖಿತ ದಾಖಲೆ.

4

ಜನರ ಅಭಿಪ್ರಾಯದಲ್ಲಿ ಮಾನದಂಡಗಳಿರುವುದಿಲ್ಲ, ಬರೀ ಮೋಹವಿರುತ್ತದೆ ಎಂಬ ಆಕ್ಷೇಪವಿದೆ. ರಾಜಕುಮಾರ್ ಅವರ ಕಂಠವನ್ನು ಕುರಿತ ಚರ್ಚೆ ಇದಕ್ಕೆ ಉತ್ತರ ಕೊಡಬಲ್ಲದು. 1974ರ ‘ಸಂಪತ್ತಿಗೆ ಸವಾಲ್’ ಚಿತ್ರದವರೆಗೆ ಅವರ ಪಾತ್ರಗಳಿಗೆ ಮುಖ್ಯವಾಗಿ ಹಾಡುತ್ತಿದ್ದವರು ಪಿ.ಬಿ. ಶ್ರೀನಿವಾಸ್, ಅಲ್ಲಿಂದ ಮುಂದೆ ರಾಜಕುಮಾರ್ ತಾವೇ ನಿಯಮಿತವಾಗಿ ಹಾಡತೊಡಗಿದರು. ಯಾರ ಕಂಠ ಹೆಚ್ಚು ಎಂಬ ಮಾತು ಹೋಟೆಲುಗಳಲ್ಲಿ, ಬಸ್ ನಿಲ್ದಾಣಗಳಲ್ಲಿ ಇಂದಿಗೂ ಮುಗಿದಿಲ್ಲ. ರಾಜಕುಮಾರರ ಪರ ನಿಲ್ಲುವವರು, ಮಾತನಾಡಿದ ಬಾಯೇ ಹಾಡಬೇಕು ಎನ್ನುತ್ತಾರೆ. ಇದು ನಟನೇ ಗಾಯಕನೂ ಆಗಿದ್ದ ಕಂಪನಿ ನಾಟಕದ ಮಾನದಂಡ. ರಾಜಕುಮಾರ್ ಬಂದದ್ದು ಗುಬ್ಬಿ ವೀರಣ್ಣನವರ ಕಂಪನಿಯ ರಂಗದಿಂದಲೇ. ಶ್ರೀನಿವಾಸರ ಪರ ನಿಲ್ಲುವವರು ಕಣ್ಣು ಮುಚ್ಚಿ ಕೇಳಿದಾಗಿನ ಮಾಧುರ್ಯದ ಮಾತೆತ್ತುತ್ತಾರೆ. ಇದು ಮುಖ ಕಾಣದ ಬಾನುಲಿ ರೂಪಿಸಿದ ಮಾನದಂಡ. ಅಭಿಮಾನದ ಜಗಳದಂತೆ ಕಾಣುವ ಈ ವಾದದೊಳಗೆ ಎರಡು ಕಲಾಪರಂಪರೆಗಳ ಸೌಂದರ್ಯಪ್ರಜ್ಞೆಗಳು ಎದುರುಬದುರಾಗಿವೆ. ಇಂಥ ಮಾತುಗಳನ್ನು ದಾಖಲಿಸದಿದ್ದರೆ ಕನ್ನಡಿಗರ ಸಂಗೀತಾಭಿರುಚಿಯ ಚರಿತ್ರೆಯನ್ನು ಚಿತ್ರಗಳ ಪಟ್ಟಿಯಿಂದ ಬರೆಯಬೇಕಾಗುತ್ತದೆ.

5

ಕೇಳುಗರ ಆಯ್ಕೆ ಸಂಪೂರ್ಣ ಸ್ವತಂತ್ರವಾದುದೆಂದು ಭಾವಿಸುವುದೂ ತಪ್ಪಾದೀತು. ‘ಬಿನಾಕಾ’ ಎಂಬುದು ಹಲ್ಲುಜ್ಜುವ ಪೇಸ್ಟಿನ ಹೆಸರು. ಕೋರಬಹುದಾದ ಹಾಡು ನಿಲಯದ ಸಂಗ್ರಹದಲ್ಲಿರಬೇಕಿತ್ತು. ಅಕ್ಷರ ಬಲ್ಲವರ ಕೈಯಿಂದ ಕಾರ್ಡು ಹೊರಡಬೇಕಿತ್ತು. ಇಂದು ಮೊಬೈಲಿನಲ್ಲಿ ಮುಂದಿನ ಹಾಡನ್ನು ಯಂತ್ರವೇ ಸೂಚಿಸುತ್ತದೆ. ಆದರೆ ಮಾರುಕಟ್ಟೆ ಹಾಡನ್ನು ಒದಗಿಸಬಲ್ಲದು. ಯಾರ ಹೆಸರಿನ ಜೊತೆ ಅದನ್ನು ಕೇಳಬೇಕು, ಯಾವ ನೆನಪಿಗೆ ಅದನ್ನು ಕಟ್ಟಬೇಕು ಎಂಬುದನ್ನು ನಿರ್ಧರಿಸುವವರು ಕೇಳುಗರು. ಜಾನಪದ ಅಧ್ಯಯನದ ಕ್ಷೇತ್ರ ಆ ನಿರ್ಧಾರದಲ್ಲಿದೆ.

ತುರ್ತು ಇರುವುದೂ ಅಲ್ಲಿಯೇ. ಅಂಚೆ ಕಾರ್ಡು, ಹಾಡಿನ ಪುಸ್ತಕ, ಅಂಗಡಿಯ ಚೀಟಿಗಳನ್ನು ಯಾರೂ ದಾಖಲೆಯೆಂದು ಬರೆಯಲಿಲ್ಲ. ಆದ್ದರಿಂದ ಅವು ರದ್ದಿಯ ಪಾಲಾಗುವುದು ಸುಲಭ. 1960ರ, 70ರ ದಶಕಗಳಲ್ಲಿ ಅವುಗಳನ್ನು ಬರೆದವರು ಈಗ ವೃದ್ಧಾಪ್ಯದಲ್ಲಿದ್ದಾರೆ. ವಿಶ್ವವಿದ್ಯಾಲಯಗಳ ಜಾನಪದ ವಿಭಾಗಗಳು, ಗ್ರಂಥಾಲಯಗಳು ಇವುಗಳ ಸಂಗ್ರಹವನ್ನು ಕೈಗೊಳ್ಳಬೇಕು. ಖಾಸಗಿ ಹೆಸರುಗಳಿರುವ ಕಾರಣ ಬರೆದವರ ಒಪ್ಪಿಗೆ ಪಡೆಯಬೇಕು. ಪುಸ್ತಕವನ್ನು ಪಡೆದುಕೊಂಡು ಬಂದರಷ್ಟೇ ಸಾಲದು. ಪ್ರತಿಯೊಂದು ಹಾಡಿನ ಎದುರು, ಇದೇ ಏಕೆ ಎಂದು ಕೇಳಿ ಉತ್ತರವನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಹಾಡಿನ ಪಠ್ಯ ಮುದ್ರಣದಲ್ಲಿ ಉಳಿದಿದೆ, ಧ್ವನಿ ಮುದ್ರಿಕೆಯಲ್ಲಿ ಉಳಿದಿದೆ. ಉಳಿಯದೆ ಹೋಗುವುದು ಈ ಉತ್ತರ ಮಾತ್ರ.